ನೀಲಿ ಹಚ್ಚಿದ ಸೆರಗು

ವಾಚಕ ಮಹಾಶಯರೇ, ತಮ್ಮ ಭಾನುವಾರದ ವಿರಾಮಕ್ಕೆ ಕ್ಷಣಕಾಲ ಭಂಗ ತರುತ್ತಿರುವ ಈ ಅಲೆಮಾರಿ ಬರಹಗಾರನನ್ನು ಮನ್ನಿಸಬೇಕಾಗಿ ವಿನಂತಿ. ನಿಪ್ಪಾಣಿ ತಾಲೂಕಿನ ಅಕ್ಕೋಳದ ಒಂದು ಹಿತ್ತಲಿಗೆ, ಅಲ್ಲಿನ ನಲ್ಲಿಯ ಬುಡಕ್ಕೆ ತಮ್ಮನ್ನು ಕರೆದೊಯ್ಯುವುದಷ್ಟೇ ಆತನ ಉದ್ದೇಶ.

ಬೆಳಗಿನ ಐದೂವರೆ. ಅರವತ್ಮೂರರ ನಿವೃತ್ತ ನರ್ಸ್ ಸುಗಂಧಾ ಸಿಸ್ಟರ್ ಒಂದು ಬಟ್ಟಲಿನಲ್ಲಿ ಬಟ್ಟೆಗೆ ಹಾಕುವ ನೀಲಿಪುಡಿ ಹಿಡಿದು ನಿಂತಿದ್ದಾರೆ. ಎದುರಿಗಿರುವ ಕಾಂಚನ ತನ್ನ ಸೆರಗಿನ ತುದಿಯನ್ನು ಮುಂದೆ ಚಾಚುತ್ತಾಳೆ. ಸುಗಂಧಾ ಅದರ ಮೇಲೆ ಪುಡಿಯನ್ನು ಉದುರಿಸಿ, ಅಂಗೈಯಿಂದ ತಿಕ್ಕಿ, ಮತ್ತೆ ಅವಳ ಸೊಂಟಕ್ಕೆ ಸಿಕ್ಕಿಸುತ್ತಾರೆ. ಪಾಠ ಆರಂಭವಾಗುತ್ತದೆ.

ಕಾಂಚನ ನರ್ಸ್. ಹನ್ನೊಂದು ವರ್ಷಗಳಿಂದ ವಾರ್ಡಿನ ಹೊಸ್ತಿಲು ತುಳಿದಿಲ್ಲ. ಮೊದಲು ಎರಡು ಹೆರಿಗೆ, ಆಮೇಲೆ ಅತ್ತೆಯ ಸೊಂಟದ ಮೂಳೆ ಮುರಿದದ್ದು. ಇಂದು ಹತ್ತು ಗಂಟೆಗೆ ಚಿಕ್ಕೋಡಿಯ ಆಸ್ಪತ್ರೆಯೊಂದರಲ್ಲಿ ಅವಳ ಕೈಕೆಲಸದ ಪರೀಕ್ಷೆ. ವಯಸ್ಸು ನಲವತ್ತೊಂದು. ಇದು ಮೂರನೆಯ ಪ್ರಯತ್ನ. ಹಿಂದಿನ ಎರಡು ಕಡೆ ಕಾರಣ ಹೇಳದೆ ಕಳಿಸಿದ್ದಾರೆ. ಇಂದೂ ಹಾಗೆಯೇ ಆದರೆ ಇನ್ನು ಅರ್ಜಿ ಹಾಕುವುದಿಲ್ಲವೆಂದು ಮನೆಯಲ್ಲಿ ಹೇಳಿಬಿಟ್ಟಿದ್ದಾಳೆ.

ಕಟ್ಟೆಯ ಮೇಲೊಂದು ಹಲಗೆ. ಅದರ ಮೇಲೆ ಸಲಾಯಿನ್ ನಳಿಗೆಯನ್ನು ಕೆಂಪು ನೀರು ತುಂಬಿಸಿ, ತೆಳುವಾದ ಸ್ಪಂಜಿನಡಿ ಹುದುಗಿಸಿಟ್ಟಿದ್ದಾರೆ. ಅದೇ ರಕ್ತನಾಳ. ಕಾಂಚನ ಕೈ ತೊಳೆಯುತ್ತಾಳೆ, ಬೆರಳಿನಿಂದ ನಾಳವನ್ನು ತಡವುತ್ತಾಳೆ, ಸೂಜಿ ಇಳಿಸುತ್ತಾಳೆ. ಮೊದಲ ಯತ್ನಕ್ಕೇ ಕೆಂಪು ಕಾಣಿಸುತ್ತದೆ. ಅವಳ ಮುಖ ಅರಳುತ್ತದೆ. ಸುಗಂಧಾ ಮಾತ್ರ ನೋಡುತ್ತಿರುವುದು ಸೂಜಿಯನ್ನಲ್ಲ, ಅವಳ ಬೆರಳುಗಳನ್ನು. ಅವು ನೀಲಿಯಾಗಿವೆ.

ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡದ್ದು ಅವಳಿಗೇ ಗೊತ್ತಾಗಿಲ್ಲ.

"ವಿದ್ಯಾ ಮರೆಯೂದಿಲ್ರಿ," ಎನ್ನುತ್ತಾರೆ ಸುಗಂಧಾ. "ಆದ್ರ ಹತ್ತ ವರ್ಷ ಒಲಿ ಮುಂದ ನಿಂತ ಕೈ ಐತಲ್ಲ, ಅದು ತೊಳಕೊಂಡ ಕೂಡಲೆ ಸೆರಗ ಹುಡಕತೈತಿ. ವಾರ್ಡಿನ್ಯಾಗ ಯೂನಿಫಾರ್ಮ್ ಹಾಕಿದ್ರೂ ಸೊಂಟಕ್ಕ ಹೋಗತೈತಿ."

ಇದನ್ನು ಅವರು ಕಲಿತದ್ದು ಸ್ವಂತ ಅವಮಾನದಿಂದ. ಏಳು ವರ್ಷದ ಬಿಡುವಿನ ನಂತರ ರಾಯಬಾಗದ ಕಡೆ ಕೆಲಸಕ್ಕೆ ಮರಳಿದ ಮೊದಲ ವಾರ, ಗಾಯ ಕಟ್ಟುವ ಮುನ್ನ ಹೀಗೆಯೇ ಕೈ ಒರೆಸಿಕೊಂಡರು. ಹಿರಿಯ ಸಿಸ್ಟರ್ ಬೈಯಲಿಲ್ಲ. ಸುಗಂಧಾರ ಮುಂದಿದ್ದ ಡ್ರೆಸ್ಸಿಂಗ್ ತಟ್ಟೆಯನ್ನು ಸುಮ್ಮನೆ ಸರಿಸಿ ಬೇರೊಬ್ಬಳಿಗೆ ಕೊಟ್ಟರು. ತಿಂಗಳಿಡೀ ಸುಗಂಧಾ ಹಾಸಿಗೆಯ ಬಟ್ಟೆಗಳನ್ನು ಮಡಿಸಿದರು. ತಪ್ಪೇನೆಂದು ಯಾರೂ ಹೇಳಲಿಲ್ಲ, ತಾವೇ ಕಂಡುಕೊಂಡರು.

ನಿವೃತ್ತಿಯ ನಂತರದ ಐದು ವರ್ಷಗಳಲ್ಲಿ ಈ ಹಿತ್ತಲಿಗೆ ನಲವತ್ಮೂರು ಮಂದಿ ಬಂದಿದ್ದಾರೆ. ಭಾನುವಾರಗಳಲ್ಲಿ ಮಂಗಸೂಳಿ, ಉಗಾರ ಬುದ್ರುಕದಿಂದಲೂ ಬರುತ್ತಾರೆ. ಮೂವತ್ತೊಂದು ಮಂದಿ ಕೆಲಸಕ್ಕೆ ಮರಳಿದ್ದಾರೆ. ಉಳಿದ ಹನ್ನೆರಡು ಹೆಸರುಗಳನ್ನೇ ಸುಗಂಧಾ ಮೊದಲು ನೆನೆಯುತ್ತಾರೆ.

ನಾಡಿ, ರಕ್ತದೊತ್ತಡ ನೋಡಲು ಇಂದಿನ ರೋಗಿ ಅತ್ತೆ ಅಕ್ಕುತಾಯಿ. ಕೋಲೂರಿಕೊಂಡು ಸೊಸೆಯ ಜೊತೆ ತಾವೇ ಬಂದಿದ್ದಾರೆ. ಪಟ್ಟಿ ಬಿಗಿಯುತ್ತಿದ್ದಂತೆ ಗೊಣಗುತ್ತಾರೆ.

"ಇಷ್ಟ ಬಿಗಿದ್ರ ನಾಳಿ ರೊಟ್ಟಿ ಹೆಂಗ ಬಡೀಲಿ ಬೇ? ಇನ್ನ ಮ್ಯಾಲ ನಾನಽ ಬಡೀಬೇಕಲ್ಲ."

"ಮಾತಾಡಬ್ಯಾಡ್ರಿ ಅತ್ತಿ, ಬಿಪಿ ಏರತೈತಿ."

ಕಾಂಚನ ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತುತ್ತಾಳೆ. ಅಕ್ಕುತಾಯಿ ಸುಗಂಧಾರತ್ತ ತಿರುಗುತ್ತಾರೆ. "ಮೂರ ವರ್ಷ ನನ್ನ ಎಬ್ಬಿಸಿ, ಕುಂದರಿಸಿ, ನಡಿಸ್ಯಾಳ್ರಿ. ನನ್ನ ಬೆನ್ನಿಗೆ ಒಂದ ಹುಣ್ಣ ಬಿದ್ದಿಲ್ಲ. ಅದನ್ಯಾಕ ಅವ್ರು ಪರೀಕ್ಷಾದಾಗ ಕೇಳೂದಿಲ್ಲ?"

ಸುಗಂಧಾ ಮತ್ತೆ ನಲ್ಲಿ ತಿರುಗಿಸುತ್ತಾರೆ. ತೊಳೆದ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ನೀರು ತಾನಾಗಿ ಆರುವವರೆಗೆ ನಿಲ್ಲಬೇಕು. ಮನೆಯಲ್ಲಿ ಹಾಲು ಉಕ್ಕುವ ವೇಳೆಗೆ, ಮಗು ಅಳುವ ವೇಳೆಗೆ ಓಡಿ ರೂಢಿಯಾದವರಿಗೆ ಆ ನಿಲ್ಲುವಿಕೆಯೇ ಕಠಿಣ. ಏಳೂವರೆಯ ಹೊತ್ತಿಗೆ ಕಾಂಚನ ಹದಿನೆಂಟು ಸಲ ಕೈ ತೊಳೆದಿದ್ದಾಳೆ. ನಾಲ್ಕು ಸಲ ಬೆರಳು ನೀಲಿಯಾಗಿವೆ. ಕೊನೆಯ ಸಲವೂ.

ಸುಗಂಧಾ ಆಕೆಗೆ ಧೈರ್ಯದ ಮಾತು ಹೇಳುವುದಿಲ್ಲ. ಸೆರಗಿನ ಪುಡಿ ಕೊಡವಿ ಕಳಿಸುತ್ತಾರೆ. ಆಮೇಲೆ ಬಹಳ ಹೊತ್ತು ಖಾಲಿ ಹಲಗೆಯನ್ನು ಒರೆಸುತ್ತಲೇ ಇರುತ್ತಾರೆ. ಹದಿಮೂರನೆಯ ಹೆಸರು ಸೇರಬಾರದೆಂಬುದು ಅವರ ಮುಖದಲ್ಲಿ ಕಾಣುತ್ತದೆ.

ಒಂದು ಗಂಟೆಗೆ ಫೋನು ಬರುತ್ತದೆ. ಅಲ್ಲೇ ಉಳಿದಿದ್ದ ಅಕ್ಕುತಾಯಿಗೂ ಕೇಳಲೆಂದು ಸುಗಂಧಾ ಸ್ಪೀಕರ್ ಒತ್ತುತ್ತಾರೆ.

"ಕೈ ಸೊಂಟಕ್ಕ ಹೋತ್ರಿ ಸಿಸ್ಟರ್," ಎನ್ನುತ್ತಾಳೆ ಕಾಂಚನ. "ಅರ್ಧಕ್ಕ ನಿಂದ್ರಿಸಿದ್ನಿ. ನೀರ ಆರೂತನಕ ಎತ್ತಿ ಹಿಡದ ನಿಂತಿದ್ನಿ. ಎಲ್ಲಾರೂ ನನ್ನಽ ನೋಡಾಕತ್ತಿದ್ರು."

ಕೆಲಸ ಸಿಕ್ಕಿತೇ ಎಂಬುದನ್ನು ಅಕ್ಕುತಾಯಿಯೇ ಕೇಳಬೇಕಾಯಿತು. ಸೋಮವಾರದಿಂದ ಬರಲು ಹೇಳಿದ್ದಾರೆ.

ಸುಗಂಧಾ ಕನ್ನಡಕ ತೆಗೆದು ಕಣ್ಣೊತ್ತಿಕೊಳ್ಳುತ್ತಾರೆ. ಒತ್ತಿಕೊಂಡದ್ದು ಸೆರಗಿನಿಂದಲೇ. ಅದನ್ನು ಗಮನಿಸಿ ತುಸು ನಗುತ್ತಾರೆ.

"ಮನ್ಯಾಗ ಸೆರಗ ಬೇಕಽ ಬೇಕ್ರಿ. ಅದು ಮನೀದು, ವಾರ್ಡಿಂದಲ್ಲ. ಅಷ್ಟ ಹೇಳಿ ಕೊಡೂದು ನನ್ನ ಕೆಲಸ. ನನಗೂ ಅವತ್ತ ಯಾರರ ಹೇಳಿದ್ರ ಆಗತಿತ್ತು."

ಈ ಬರಹಗಾರ ತನ್ನ ವಹಿಯನ್ನು ಜೋಳಿಗೆಗೆ ಸೇರಿಸಿ ಏಳುತ್ತಾನೆ. ಅಥಣಿಯ ದಾರಿ ದೂರವಿದೆ. ಹೊರಡುವ ಮುನ್ನ ನಲ್ಲಿಯಲ್ಲಿ ಕೈ ತೊಳೆದವನು ಹೆಗಲ ಮೇಲಿನ ಟವೆಲ್ಲಿಗೆ ಕೈ ಹಾಕಿ, ತಡೆದುಕೊಳ್ಳುತ್ತಾನೆ. ಹಸಿ ಕೈಗಳನ್ನು ಗಾಳಿಗೊಡ್ಡಿಕೊಂಡೇ ಬಸ್ಸಿನ ನಿಲ್ದಾಣದತ್ತ ನಡೆಯುತ್ತಾನೆ.