ಅತ್ತೆ ದಾರಿ ನೋಡಲು ಬಂದ ದಿನ

ಶಿಗ್ಗಾವಿಯ ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ಅಕ್ಕಿಆಲೂರಿನ ಸಣ್ಣ ಲ್ಯಾಬಿನಲ್ಲಿ ಯಾರದೋ ರಕ್ತ ತೆಗೆಯುತ್ತಿದ್ದೆ. ಮನೆಯಿಂದ ನಡೆದೇ ಹೋಗಿಬರುವ ಕೆಲಸ. ಮಧ್ಯಾಹ್ನ ಮನೆಯ ಊಟ, ಮಗಳು ಶಾಲೆಯಿಂದ ಬರುವ ಹೊತ್ತಿಗೆ ನಾನೂ ಮನೆಯಲ್ಲಿ. ಆದರೆ ಎಷ್ಟೋ ವರ್ಷಗಳಿಂದ ಅದೇ ಸಕ್ಕರೆ, ಅದೇ ಹಿಮೋಗ್ಲೋಬಿನ್. ಸ್ವಲ್ಪ ಕಠಿಣ ಪರೀಕ್ಷೆ ಬಂದರೆ ಸ್ಯಾಂಪಲ್ ಕಟ್ಟಿ ಹುಬ್ಬಳ್ಳಿಗೆ ಕಳಿಸಿಬಿಡುತ್ತಿದ್ದೆವು. ಕಾಲೇಜಿನಲ್ಲಿ ಕಲಿತದ್ದು ಅರ್ಧ ಮರೆತೇ ಹೋಗಿತ್ತು. ಶಿಗ್ಗಾವಿಯಲ್ಲಿ ದೊಡ್ಡ ಲ್ಯಾಬ್, ಹೊಸ ಯಂತ್ರಗಳು, ಸಂಬಳವೂ ಜಾಸ್ತಿ. ನಾಳೆ ಒಂದು ದಿನ ಬಂದು ಕೆಲಸ ಮಾಡಿ ನೋಡಿ, ಸೇರುತ್ತೀರೋ ಇಲ್ಲವೋ ಆಮೇಲೆ ಹೇಳಿ ಅಂದರು.

ತೊಡಕೆಲ್ಲ ದಾರಿಯದು. ಹಾನಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಬಂಕಾಪುರದ ಮೇಲೆ ಶಿಗ್ಗಾವಿಗೆ ಇನ್ನೊಂದು. ಹೋಗುವುದಕ್ಕೇ ಎರಡು ತಾಸು.

ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ನನ್ನ ಗಂಡ ರಾತ್ರಿ ಊಟಕ್ಕೆ ಕುಳಿತಾಗ ವಿಷಯ ಹೇಳಿದೆ.

"ಹೋಗೋದಾದ್ರ ಹೋಗು. ಬ್ಯಾಡ ಅನ್ನಾಕ ನಾ ಯಾರು?"

"ಹಂಗಂದ್ರ ಹೂಂ ಅಂದಂಗೋ, ಊಹೂಂ ಅಂದಂಗೋ? ಒಂದ ಹೇಳ್ರಿ."

ಅವರು ಇನ್ನೊಂದು ರೊಟ್ಟಿ ಮುರಿದರು. "ಹುಡುಗಿ ಜಡಿ ಯಾರ್ ಹಾಕ್ತಾರ?" ಅಂದರು.

ಒಲೆಯ ಹತ್ತಿರ ಕುಳಿತಿದ್ದ ನನ್ನ ಅತ್ತೆ ನಡುವೆ ಬಾಯಿ ಹಾಕಿದರು. "ಅಷ್ಟ ದೂರ ಅಂದ್ರ ಮನಿ ಮರತಂಗ. ಆದ್ರೂ ದಾರಿ ನೋಡ್ದ ನಾ ಏನೂ ಹೇಳಂಗಿಲ್ಲ. ನಾಳೆ ನಾನೂ ಬರ್ತೇನಿ."

ಮೊಣಕಾಲು ನೋವು ಶುರುವಾದ ಮೇಲೆ ಅವರು ಊರು ಬಿಟ್ಟು ಹೊರಗೆ ಹೋದದ್ದೇ ಕಡಿಮೆ. ತಮಾಷೆಗೆ ಹೇಳಿದ್ದಾರೆ ಅಂದುಕೊಂಡೆ. ಬೆಳಗ್ಗೆ ಎದ್ದು ನೋಡಿದರೆ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಆಧಾರ್ ಕಾರ್ಡ್ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವರಿಗೆ ಇದೇ ಮೊದಲ ದೂರದ ಪ್ರಯಾಣ. ಕಂಡಕ್ಟರ್ ಇನ್ನೂ ಮುಂದಿನ ಸೀಟಿನಲ್ಲಿದ್ದಾಗಲೇ ಕಾರ್ಡ್ ಎತ್ತಿ ತೋರಿಸಿದರು.

ಹಾನಗಲ್ಲಿನಿಂದ ಬಸ್ಸು ತುಂಬಿ ತುಳುಕುತ್ತಿತ್ತು. ಯಾರೋ ಅತ್ತೆಗೆ ಜಾಗ ಕೊಟ್ಟರು. ನಾನು ಬಂಕಾಪುರದವರೆಗೂ ಕಂಬಿ ಹಿಡಿದು ನಿಂತೇ ಇದ್ದೆ. ಅವರು ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದರು.

"ದಿನಾ ಹಿಂಗ ನಿಂತ ಬರಬೇಕೇನು?"

ನಾನು ಕಂಬಿ ಹಿಡಿದ ಕೈ ಬದಲಿಸಿದೆ.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅವರನ್ನು ಕೂಡಿಸಿ, ರೊಟ್ಟಿ ಗಂಟು, ನೀರಿನ ಬಾಟಲಿ ಕೊಟ್ಟು ಒಳಗೆ ಹೋದೆ. ಲ್ಯಾಬಿನ ಹಿರಿಯರು ಯಂತ್ರಗಳನ್ನೆಲ್ಲ ತೋರಿಸಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಬಣ್ಣ ಹಾಕಿ ನೋಡಲು ಹೇಳಿದರು. ಮೊದಲನೆಯದು ದಪ್ಪವಾಯಿತು, ಇನ್ನೊಂದು ಸವರಿದೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಾಗ ಕಣಗಳು ಒಂದೊಂದಾಗಿ ಸ್ಪಷ್ಟವಾದವು. ಬಹಳ ವರ್ಷಗಳ ಮೇಲೆ ಅವುಗಳ ಹೆಸರು ತಾವಾಗಿಯೇ ನನ್ನ ಬಾಯಿಗೆ ಬಂದವು. ಊಟದ ಹೊತ್ತಾದದ್ದೂ ಗೊತ್ತಾಗಲಿಲ್ಲ.

ಹೊರಗೆ ಬಂದು ನೋಡಿದರೆ ಬೆಂಚು ಖಾಲಿ.

"ಅಜ್ಜಿ ಆಗಲೇ ಹ್ವಾದ್ರಲ್ರಿ," ಅಂದ ಬಾಗಿಲು ಕಾಯುವವನು. "ಬಸ್ ಸ್ಟ್ಯಾಂಡ್ ಯಾ ಕಡಿ ಅಂತ ಕೇಳಿದ್ರು."

ಅತ್ತೆಯ ಹತ್ತಿರ ಫೋನ್ ಇರಲಿಲ್ಲ. ಬಸ್ ಸ್ಟ್ಯಾಂಡಿಗೆ ಓಡಿದೆ. ನಿಂತ ಬಸ್ಸುಗಳನ್ನೆಲ್ಲ ಹತ್ತಿ ಇಳಿದೆ. ಗಂಡನಿಗೆ ಫೋನ್ ಮಾಡಿದರೆ, "ಸಿಟ್ಟಾಗಿ ಊರ ಕಡಿ ಹೊಂಟಾಳೇನು?" ಅಂದು ಅವರು ಅಕ್ಕಿಆಲೂರಿನ ನಿಲ್ದಾಣಕ್ಕೆ ಹೋಗಿ ನಿಂತರು. ನಾನು ಮತ್ತೆ ಆಸ್ಪತ್ರೆಯ ಗೇಟಿಗೆ ಬಂದೆ. ಮೊದಲ ದಿನವೇ ಮನೆಯ ಹಿರಿಯರನ್ನು ಕಳೆದುಕೊಂಡೆನಲ್ಲ, ಈ ಕೆಲಸವೂ ಬೇಡ, ಈ ಊರೂ ಬೇಡ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ.

ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರು ಮುದುಕಿಯರು ಕೈ ಕೈ ಹಿಡಿದು ಬರುವುದು ಕಾಣಿಸಿತು. ಒಬ್ಬರು ನಮ್ಮ ಅತ್ತೆ. ಇನ್ನೊಬ್ಬರು ಹಿರೇಬೆಂಡಿಗೇರಿಗೆ ಮದುವೆಯಾಗಿ ಹೋದ ಅವರ ಅಕ್ಕ.

"ಎಲ್ಲಿಗ್ ಹೋಗಿದ್ರಿ ಅತ್ತಿ? ನನ್ನ ಜೀವಾ ಬಾಯಿಗೆ ಬಂದಿತ್ತು!"

"ಹಿರೇಬೆಂಡಿಗೇರಿಗೆ. ಇಲ್ಲೇ ಐತಿ ಅಂತ ಬೆಂಚಿನ ಮ್ಯಾಲ ಬಾಜೂಕ ಕುಂತಾಕಿ ಹೇಳಿದ್ಲು. ನೀ ಒಳಗ ಕೆಲಸದಾಗ ಇದ್ದಿ. ನಾ ಸುಮ್ಮ ಕುಂತ ಏನ್ ಮಾಡ್ಲಿ?"

ಅವರ ಅಕ್ಕ ನನ್ನ ಗಲ್ಲ ಸವರಿದರು. "ನಿಮ್ಮತ್ತಿ ಮಾರಿ ನೋಡಿ ಎಷ್ಟ ವರ್ಷ ಆಗಿತ್ತ ಯವ್ವಾ. ಹಿತ್ತಲದಾಗ ಬಟ್ಟಿ ಒಣಗ ಹಾಕಾಕತ್ತಿದ್ದೆ. 'ಅಕ್ಕಾ' ಅಂದ್ಲು. ಖರೇನ ಅನಿಸಲಿಲ್ಲ. ಬಸ್ಸಿಗೆ ಒಬ್ಬಾಕಿನ್ನ ಹೆಂಗ ಬಿಡ್ಲಿ ಅಂತ ಇಲ್ಲೀತನಕ ಬಂದೆ."

ಬೈಯಬೇಕು ಅಂದುಕೊಂಡಿದ್ದೆ. ಬಾಯಿ ತೆರೆದರೆ ಅಳು ಬಂತು, ಅಳುತ್ತಲೇ ನಗುವೂ ಬಂತು.

ಅಕ್ಕಿಆಲೂರಿನಲ್ಲಿ ಬಸ್ಸಿಳಿದಾಗ ಗಂಡ ಕಾಯುತ್ತಿದ್ದರು. ತಾಯಿಯ ಮೇಲೆ ರೇಗಿದರು. ಅತ್ತೆ ಅದನ್ನು ಕಿವಿಗೇ ಹಾಕಿಕೊಳ್ಳದೆ, "ಆಕಿ ಹೋಗ್ಲಿ ಬಿಡು ಕೆಲಸಕ್ಕ," ಅಂದರು.

"ದೂರ ಅಂತಿದ್ದೆಲ್ಲ ನೀನ?"

"ದೂರ ದೂರ ಅಂತ ಅಕ್ಕನ್ನ ಬಿಟ್ಟ ಕುಂತಿದ್ದೆ. ಹ್ವಾದ್ರ ಒಂದ ದಿನದಾಗ ಹೋಗಿ ಬಂದೆ." ಆಮೇಲೆ ನನ್ನ ಕಡೆ ತಿರುಗಿದರು. "ನಿಂತ ಬರೋದು ತ್ರಾಸ ಐತಿ, ಸುಳ್ಳ ಹೇಳಂಗಿಲ್ಲ. ಒಂದಿಷ್ಟ ತಿಂಗಳ ಮಾಡಿ ನೋಡು. ಆಗಲಿಲ್ಲ ಅಂದ್ರ ಬಿಡು. ಯಾರ್ ಏನ್ ಅಂತಾರ?"

ಬೇಕಾದರೆ ಬಿಡಬಹುದು ಎಂದು ಅತ್ತೆ ಹೇಳಿದ ಮೇಲೆಯೇ ನನಗೆ ಹೂಂ ಅನ್ನುವ ಧೈರ್ಯ ಬಂತು.

ಮೊದಲ ದಿನಗಳು ಸುಲಭವಿರಲಿಲ್ಲ. ಕಾಲು ಬಾತುಕೊಳ್ಳುತ್ತಿದ್ದವು. ಗಂಡ ಹಾಕಿದ ಜಡೆ ಒಂದು ಮೇಲೆ, ಒಂದು ಕೆಳಗೆ. ಮಗಳು ಶಾಲೆಯಲ್ಲಿ ಬಿಚ್ಚಿ ಗೆಳತಿಯಿಂದ ಹಾಕಿಸಿಕೊಳ್ಳುತ್ತಿದ್ದಳು. ಮಳೆಗಾಲದ ಒಂದು ಸಂಜೆ ಹಾನಗಲ್ಲಿನಲ್ಲಿ ಬಸ್ಸು ತಪ್ಪಿ, ತೊಯ್ದು ತೊಪ್ಪೆಯಾಗಿ ಮನೆ ಸೇರಿದಾಗ ಅವಳು ಮಲಗಿಬಿಟ್ಟಿದ್ದಳು. ನಾಳೆಯಿಂದ ಹೋಗುವುದಿಲ್ಲ ಅಂದೆ. ಯಾರೂ ವಾದ ಮಾಡಲಿಲ್ಲ. ಬೆಳಗ್ಗೆ ನೋಡಿದರೆ ಗಂಡ ಒಲೆಯ ಮುಂದೆ ನನ್ನ ಓಢಣಿಯನ್ನು ಒಣಗಿಸುತ್ತಿದ್ದರು. ಅದನ್ನೇ ಹೊದ್ದುಕೊಂಡು ಹೊರಟೆ.

ಈಗ ಕೆಲಸ ಬಿಡುವ ಮಾತು ಯಾರೂ ಎತ್ತುವುದಿಲ್ಲ. ಹುಬ್ಬಳ್ಳಿಗೆ ಕಳಿಸುತ್ತಿದ್ದ ಎಷ್ಟೋ ಪರೀಕ್ಷೆಗಳನ್ನು ನಾನೇ ಮಾಡುತ್ತೇನೆ. ಅತ್ತೆ ಆಗಾಗ ನನ್ನ ಜೊತೆ ಶಿಗ್ಗಾವಿಗೆ ಬಂದು ಅಲ್ಲಿಂದ ಅಕ್ಕನ ಊರಿಗೆ ಹೋಗುತ್ತಾರೆ, ಮನಸ್ಸಾದರೆ ಎರಡು ದಿನ ಉಳಿಯುತ್ತಾರೆ. ದಿನಾ ಓಡಾಡುವ ನಾವು ಕೆಲವರು, ಇಬ್ಬರು ಟೀಚರುಗಳು, ಒಬ್ಬಳು ನರ್ಸ್, ನಾನು, ಕೂಡಿಕೊಂಡು ಅಕ್ಕಿಆಲೂರಿನಿಂದಲೇ ಶಿಗ್ಗಾವಿಗೆ ಒಂದು ನೇರ ಬಸ್ಸು ಬಿಡಿ ಎಂದು ಹೋದ ವಾರ ಬಸ್ ಡಿಪೋಗೆ ಹೋಗಿ ಕೇಳಿ ಬಂದಿದ್ದೇವೆ. ಇಲ್ಲ ಅಂದಿಲ್ಲ, ನೋಡೋಣ್ರಿ ಅಂದಿದ್ದಾರೆ.