ಇಪ್ಪತ್ತೆರಡು ಮೆಟ್ಟಿಲಿನ ಡಾಕ್ಟರು

ಜಯನಗರದಲ್ಲಿ ಡಾಕ್ಟರ್ ಉಮಾಮಹೇಶ್ವರಿಯವರ ಕ್ಲಿನಿಕ್ಕಿರುವುದು ಮೊದಲನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಇಪ್ಪತ್ತೆರಡು ಮೆಟ್ಟಿಲು, ಹನ್ನೊಂದಾದ ಮೇಲೆ ಒಂದು ತಿರುವು. ಇಪ್ಪತ್ತೇಳು ವರ್ಷ ಅವರು ಬಾಗಿಲು ತೆರೆದಿಟ್ಟುಕೊಂಡು ಕೂತು, ರೋಗಿ ಹತ್ತಿ ಬರುವ ಸದ್ದಿನಲ್ಲೇ ಅರ್ಧ ರೋಗ ಹಿಡಿಯುತ್ತಿದ್ದರು. ಕಾಲೆಳೆದರೆ ಮಂಡಿ. ಹತ್ತರಲ್ಲಿ ನಿಂತರೆ ಶ್ವಾಸಕೋಶ, ಹದಿನೈದರಲ್ಲಿ ನಿಂತರೆ ಹೃದಯ. ಒಂದೇ ಉಸಿರಿಗೆ ಓಡಿ ಬಂದರೆ ರಜೆಗೆ ಮೆಡಿಕಲ್ ಸರ್ಟಿಫಿಕೇಟ್ ಬೇಕಾದವರು. "ಮೆಟ್ಟಿಲೇ ನನ್ನ ಮೊದಲನೇ ಟೆಸ್ಟು" ಎನ್ನುತ್ತಿದ್ದರು. ಆ ಮಾತನ್ನು ಅವರು ತಮಾಷೆಗೆ ಹೇಳುತ್ತಿರಲಿಲ್ಲ. ಅವರು ಯಾವುದನ್ನೂ ತಮಾಷೆಗೆ ಹೇಳುವವರಲ್ಲ.

ಕಟ್ಟಡದ ಮಾಲೀಕ ತಿಮ್ಮರಾಯಪ್ಪ ಒಂದು ಕಾಲಕ್ಕೆ ಅರೆಕೆರೆಯಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಬಾಡಿಗೆ ಬೆಳೆಯುತ್ತಾರೆ. ಹೋದ ಜೂನಿನಲ್ಲಿ ಕೆಳಗಿನ ಮಳಿಗೆ ಖಾಲಿಯಾದಾಗ, ವಯಸ್ಸಾದವರಿಗೆ ಅನುಕೂಲ, ಅಲ್ಲಿಗೆ ಇಳಿದು ಬನ್ನಿ ಎಂದು ಅವರಾಗಿಯೇ ಕೇಳಿದ್ದರು. ಡಾಕ್ಟರು ಒಪ್ಪಲಿಲ್ಲ. "ಹತ್ತಕ್ಕಾಗದೇ ಇರೋರು ಆಸ್ಪತ್ರೆಗೆ ಹೋಗ್ಬೇಕು, ನನ್ನ ಹತ್ರ ಅಲ್ಲ" ಎಂದರು.

ಆಗಸ್ಟಿನಲ್ಲಿ ಅವರೇ ಆಸ್ಪತ್ರೆಗೆ ಹೋದರು. ದಿನಕ್ಕೆ ನಲವತ್ತು ನಿಮಿಷ ನಡೆಯಿರಿ ಎಂದು ಊರಿಗೆಲ್ಲ ಉಪದೇಶ ಮಾಡುವವರು, ಜೆ.ಪಿ. ನಗರದ ತಮ್ಮ ಮನೆಯ ರಸ್ತೆಯಲ್ಲಿ, ಮೂವತ್ತೆಂಟನೇ ನಿಮಿಷಕ್ಕೆ ಫುಟ್‌ಪಾತಿನ ಸಡಿಲ ಚಪ್ಪಡಿಯ ಮೇಲೆ ಕಾಲಿಟ್ಟರು. ಚಪ್ಪಡಿ ಮಗುಚಿತು. ಬಲಗಾಲು ಚರಂಡಿಗಿಳಿದು, ಮಂಡಿಯ ಕೆಳಗಿನ ಮೂಳೆ ಎರಡು ಕಡೆ ಮುರಿಯಿತು. ಉಕ್ಕಿನ ಪಟ್ಟಿ ಹಾಕಿ ಒಂಬತ್ತು ಸ್ಕ್ರೂ ಬಿಗಿದರು. ಮೂರು ತಿಂಗಳು ಕಾಲೂರುವ ಹಾಗಿರಲಿಲ್ಲ.

ಅಕ್ಟೋಬರಿನಲ್ಲಿ ತಿಮ್ಮರಾಯಪ್ಪ ಎಳನೀರು ಹಿಡಿದುಕೊಂಡು ನೋಡಲು ಬಂದರು. ಅರ್ಧ ಗಂಟೆ ತಮ್ಮ ಸೊಂಟ ನೋವಿನ ಕಥೆ ಹೇಳಿ, ಹೊರಡುವ ಮುಂಚೆ ವಿಷಯಕ್ಕೆ ಬಂದರು.

"ಅರ್ಜೆಂಟೇನಿಲ್ಲ ಡಾಕ್ಟ್ರಮ್ಮ. ಆದ್ರೆ ನಿಮ್ ರೂಮಿಗೆ ಟ್ಯೂಷನ್ನೋರು ದಿನಾ ಫೋನ್ ಮಾಡ್ತಾವ್ರೆ. ಅಗ್ರಿಮೆಂಟು ಸಂಕ್ರಾಂತಿಗೆ ಮುಗೀತದೆ. ಅಷ್ಟೊತ್ತಿಗೆ ನೀವು ಹತ್ತಿ ಬಂದು ಕೂತ್ರೆ ರೂಮು ನಿಮ್ದೇ."

"ಹತ್ತಿ ಬರ್ತೀನಿ."

"ಹತ್ತಕ್ಕಾಗದೇ ಇರೋರು ಆಸ್ಪತ್ರೆಗೆ ಹೋಗ್ಬೇಕು ಅಂತ ನೀವೇ ಅಂದಿದ್ರಲ್ಲ, ಅದಕ್ಕೆ ಕೇಳ್ದೆ" ಎಂದು ಕೈಮುಗಿದು ಹೋದರು.

ಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದವನು ವಸಂತಪುರದ ಫಿಸಿಯೋಥೆರಪಿಸ್ಟ್ ಭೀಮೇಶ್. ಮಂಡಿಯನ್ನು ಒಂದೊಂದು ಡಿಗ್ರಿಯಾಗಿ ಮಡಚುತ್ತಾ ಕೇಳುತ್ತಿದ್ದ:

"ನೋವು ಹತ್ತಕ್ಕೆ ಎಷ್ಟು ಮೇಡಂ?"

"ಮೂರು."

"ಮೂರು ಅನ್ನೋರು ಬೆಡ್‌ಶೀಟ್ ಹರಿಯಲ್ಲ ಮೇಡಂ. ಎಂಟು ಅಂತ ಬರ್ಕೊಳ್ಲಾ?"

"ನಾಲ್ಕು ಅಂತ ಬರ್ಕೊಳ್ಳಿ."

ಸೊಪ್ಪಿನ ಗಾಡಿಯ ಮುಂದೆ ಚೌಕಾಸಿ ಮಾಡಿದಂತೆ ಕೊನೆಗೆ ಐದಕ್ಕೆ ಇತ್ಯರ್ಥವಾಗುತ್ತಿತ್ತು. ಎಂಟು ಎಂದು ಬರೆದರೆ ಮೆಟ್ಟಿಲಿನ ಅಭ್ಯಾಸ ಹದಿನೈದು ದಿನ ಮುಂದಕ್ಕೆ ಹೋಗುತ್ತದೆ, ಸಂಕ್ರಾಂತಿ ಮುಂದಕ್ಕೆ ಹೋಗುವುದಿಲ್ಲ. ವೈದ್ಯರ ಹತ್ತಿರ ಏನನ್ನೂ ಮುಚ್ಚಿಡಬೇಡಿ ಎಂಬ ಬೋರ್ಡನ್ನು ಕ್ಲಿನಿಕ್ಕಿನ ಗೋಡೆಗೆ ಬರೆಸಿ ಹಾಕಿದ್ದವರು ಇದೇ ಡಾಕ್ಟರು.

ಹಬ್ಬಕ್ಕೆ ಮೂರು ದಿನ ಮುಂಚೆ, ಬೆಳಗ್ಗೆ ಏಳಕ್ಕೇ, ಯಾರೂ ನೋಡದ ಹೊತ್ತು ಎಂದುಕೊಂಡು ಆಟೋದಲ್ಲಿ ಬಂದಿಳಿದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಕಂಬಿಯ ಮೇಲೆ. ಹತ್ತುವಾಗ ಒಳ್ಳೆಯ ಕಾಲು ಮೊದಲು ಎಂದು ಭೀಮೇಶ್ ಹೇಳಿದ್ದ. ನಾಲ್ಕರಲ್ಲಿ ನಿಂತರು, ಏಳರಲ್ಲಿ ನಿಂತರು, ಒಂಬತ್ತರಲ್ಲಿ ಮತ್ತೆ ನಿಂತರು. ತಮ್ಮ ಲೆಕ್ಕದಲ್ಲೇ ಇದು ಯಾವ ಕಾಯಿಲೆಯೆಂದು ಅವರಿಗೆ ಹೊಳೆಯಲಿಲ್ಲ. ತಿರುವಿಗೆ ಬಂದಾಗ ಕಾಲು ನಡುಗುತ್ತಿತ್ತು. ಅಲ್ಲಿದ್ದ ಕಿಟಕಿಯ ಕಟ್ಟೆಯ ಮೇಲೆ ಕುಸಿದು ಕೂತರು.

ಕೂತ ಮೇಲೆ ಗಮನಿಸಿದರು. ಕಿಟಕಿಯ ಸುತ್ತ ಬೆರಳು ದಪ್ಪದ ಧೂಳು, ಕಟ್ಟೆಯ ಮೇಲೆ ಮಾತ್ರ ಐದು ತಿಂಗಳ ತೆಳು ಧೂಳು, ಅದರಡಿಯ ಕಲ್ಲು ಕನ್ನಡಿಯ ಹಾಗೆ ನುಣ್ಣಗಿದೆ. ಇಪ್ಪತ್ತೇಳು ವರ್ಷದಲ್ಲಿ ಅವರು ಆ ಕಟ್ಟೆಯನ್ನು ಕಣ್ಣೆತ್ತಿ ನೋಡಿರಲಿಲ್ಲ.

ಅಷ್ಟರಲ್ಲಿ, ಒಂದಿಷ್ಟೂ ಸದ್ದಿಲ್ಲದೆ, ಮರಿಯಮ್ಮ ಎದುರಿಗೆ ನಿಂತಿದ್ದರು. ಹಿಂದಿನ ರಸ್ತೆಯವರು, ಬಿ.ಪಿ. ಮಾತ್ರೆಗಾಗಿ ಹನ್ನೆರಡು ವರ್ಷದಿಂದ ಬರುತ್ತಿದ್ದವರು. ಆಟೋ ಕಂಡು ಹಿಂದೆಯೇ ಬಂದಿದ್ದರು. ಚಪ್ಪಲಿ ಕೈಯಲ್ಲಿತ್ತು.

"ಅಯ್ಯೋ ಡಾಕ್ಟ್ರಮ್ಮ, ನೀವೂ ಇಲ್ಲೇ ಕೂತ್ಕಂಡ್ರಾ?"

"ನೀವೂ ಅಂದ್ರೆ? ಇನ್ಯಾರು ಕೂತ್ಕೊಳ್ತಾರೆ? ಚಪ್ಪಲಿ ಯಾಕೆ ಕೈಯಲ್ಲಿ?"

ಮರಿಯಮ್ಮ ನಾಲಿಗೆ ಕಚ್ಚಿಕೊಂಡರು. ಆಮೇಲೆ, ಎದ್ದು ಓಡಿಸಿಕೊಂಡು ಬರುವ ಸ್ಥಿತಿಯಲ್ಲಿ ಡಾಕ್ಟರಿಲ್ಲ ಎಂಬ ಧೈರ್ಯದಿಂದಲೋ ಏನೋ, ಹೇಳಿಬಿಟ್ಟರು. "ನೀವು ಮೇಲೆ ಕಿವಿ ಕೊಟ್ಕಂಡು ಕೂತಿರ್ತೀರ ಅಂತ ಎಲ್ರಿಗೂ ಗೊತ್ತು. ನಿಂತ್ರೆ ಇಸಿಜಿ, ಏದುಸಿರು ಬಿಟ್ರೆ ಸ್ಕ್ಯಾನು. ಅದಕ್ಕೆ ಇಲ್ಲೀಗಂಟ ಬರಿಗಾಲಲ್ಲಿ ಬರೋದು, ಕೂತು ಸುಧಾರಿಸ್ಕಳೋದು, ಆಮೇಲೆ ಚಪ್ಪಲಿ ಹಾಕ್ಕಂಡು ಟಪಟಪ ಅಂತ ಹತ್ತೋದು. ಹೊಸಬ್ರಿಗೂ ನಾವೇ ಹೇಳ್ಕೊಡ್ತೀವಿ."

ಡಾಕ್ಟರಿಗೆ ಮರಿಯಮ್ಮನ ಕಾರ್ಡಿನಲ್ಲಿ ಪ್ರತಿ ವರ್ಷ ಮೆಟ್ಟಿಲಿನ ಸದ್ದನ್ನಷ್ಟೇ ನಂಬಿ ತಾವು ಬರೆಯುತ್ತಿದ್ದದ್ದು ನೆನಪಾಯಿತು: ನಡಿಗೆ ಚುರುಕು, ಹೃದಯ ಗಟ್ಟಿ.

"ಇಲ್ಲಿ ಎಷ್ಟು ಹೊತ್ತು ಕೂತ್ಕೊಳ್ತೀರಿ?"

"ಮೊದ್ಲು ಎರಡು ನಿಮಿಷ. ಈಗ ಹತ್ತು ಆಗ್ತದೆ."

ಬ್ಯಾಗಿನಿಂದ ಸ್ಟೆತೊಸ್ಕೋಪು ತೆಗೆದು, ಮರಿಯಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು ಎದೆಗಿಟ್ಟರು. ಮೆಟ್ಟಿಲು ಯಾವತ್ತೂ ಹೇಳದಿದ್ದ ಒಂದು ಸದ್ದು ಅಲ್ಲಿ ಸ್ಪಷ್ಟವಾಗಿ ಕೇಳಿಸಿತು. ಹೃದಯದ ಕವಾಟ ಬಿಗಿಯಾಗಿದೆ ಎಂದು ಆ ವಾರವೇ ಸ್ಕ್ಯಾನಿನಲ್ಲಿ ಗೊತ್ತಾಯಿತು. ಚಿಕಿತ್ಸೆಗೆ ಇನ್ನೂ ಕಾಲ ಮೀರಿರಲಿಲ್ಲ. ಆ ಶ್ರೇಯಸ್ಸು ಮುರಿದ ಕಾಲಿಗೆ ಸಲ್ಲಬೇಕು, ಇಪ್ಪತ್ತೇಳು ವರ್ಷದ ಅನುಭವಕ್ಕಲ್ಲ.

ಉಳಿದ ಹನ್ನೊಂದನ್ನು ಡಾಕ್ಟರು ಹತ್ತಿದರು. ಎಷ್ಟು ಹೊತ್ತು ಹಿಡಿಯಿತೆಂದು ಮರಿಯಮ್ಮ ಯಾರಿಗೂ ಹೇಳಲಿಲ್ಲ. ಡಾಕ್ಟರು ತಮ್ಮ ಕುರ್ಚಿಯಲ್ಲಿ ಕೂತು, ತಿಮ್ಮರಾಯಪ್ಪನಿಗೆ ಫೋನು ಮಾಡಿದರು.

"ಹತ್ತಿ ಕೂತಿದ್ದೀನಿ."

"ಭೇಷ್! ರೂಮು ನಿಮ್ದೇ ಹೋಗಿ."

"ರೂಮು ಬೇಡ. ಆ ಕೆಳಗಿನ ಮಳಿಗೆ ಕೊಡಿ."

"ಅಲ್ಲ ಡಾಕ್ಟ್ರಮ್ಮ, ಆರು ತಿಂಗಳು ಖಾಲಿ ಬಿದ್ದಿತ್ತು. ಮೊನ್ನೆ ತಾನೆ ಜ್ಯೂಸ್ ಅಂಗಡಿಯೋರಿಗೆ ಕೊಟ್ಟೆ."

ಹೀಗಾಗಿ ಕ್ಲಿನಿಕ್ಕು ಮೇಲೆಯೇ ಉಳಿಯಿತು. ಡಾಕ್ಟರು ತಿರುವಿನಲ್ಲಿ ಎರಡು ಒಳ್ಳೆಯ ಕುರ್ಚಿ ಹಾಕಿಸಿ, 'ಕುಳಿತು ಸುಧಾರಿಸಿಕೊಂಡು ಬನ್ನಿ' ಎಂದು ಬರೆಸಿದರು. ಸದ್ದು ಕೇಳದ ಹಾಗೆ ಕ್ಲಿನಿಕ್ಕಿನ ಬಾಗಿಲನ್ನೂ ಮುಚ್ಚಿಕೊಂಡು ಕೂರತೊಡಗಿದರು. ಒಬ್ಬರೂ ಕೂರಲಿಲ್ಲ. ಕೂತವರ ಹೆಸರು ಬರೆದುಕೊಳ್ಳುತ್ತಾರಂತೆ, ಇದು ಹೊಸ ಟೆಸ್ಟು ಎಂದು ಸುದ್ದಿ ಹಬ್ಬಿತ್ತು. ನುಣ್ಣಗಿದ್ದ ಕಟ್ಟೆಯ ಮೇಲೂ ದಪ್ಪ ಧೂಳು ಕೂತಿತು.

ರೋಗಿಗಳು ಈಗ ಕೆಳಗೆ, ಜ್ಯೂಸ್ ಅಂಗಡಿಯ ಸ್ಟೂಲಿನ ಮೇಲೆ ಸುಧಾರಿಸಿಕೊಂಡು ಬರುತ್ತಾರೆ. ಸುಮ್ಮನೆ ಕೂತರೆ ಅಂಗಡಿಯವನು ಎಬ್ಬಿಸುತ್ತಾನೆ, ಅದಕ್ಕೆ ಒಂದೊಂದು ಸಪೋಟ ಜ್ಯೂಸು ಕುಡಿಯುತ್ತಾರೆ. ಮಾರ್ಚಿನ ಹೊತ್ತಿಗೆ ಡಾಕ್ಟರ ಹತ್ತಿರ ಬರುವ ಸಕ್ಕರೆ ಕಾಯಿಲೆಯವರೆಲ್ಲರ ಸಕ್ಕರೆ ಏರಿತ್ತು. ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಏನೂ ತಿಂದಿಲ್ಲ ಮೇಡಂ." ಅದು ನಿಜವೂ ಹೌದು.