ಟೇಪಿನೊಳಗಿನ ಎರಡು ಬೆರಳು

ನಮ್ಮ ಯಜಮಾನರು ಟೈಲರ್. ಮೂವತ್ತೊಂದು ವರ್ಷದಿಂದ ಒಂದೇ ಅಂಗಡಿ, ಒಂದೇ ಕಾಲುಮಿಷನ್ನು, ಒಂದೇ ಸುಳ್ಳು: ಗುರುವಾರ ಬನ್ನಿ, ರೆಡಿ ಇರುತ್ತೆ. ಸೋಮವಾರ ಬಟ್ಟೆ ಕೊಟ್ಟವರಿಗೂ ಗುರುವಾರ, ಬುಧವಾರ ಕೊಟ್ಟವರಿಗೂ ಗುರುವಾರ. ಗುರುವಾರವೇ ಬಂದು ಎದುರು ನಿಂತವರಿಗೆ ಬರುವ ಗುರುವಾರ. ಹೇಳುವಾಗ ಮುಖದಲ್ಲಿ ಎಳ್ಳಷ್ಟೂ ಅಳುಕಿರುವುದಿಲ್ಲ. ಅವರ ಕೈಯ ಹೊಲಿಗೆ ಬೇರೆಯವರಿಗೆ ಬರುವುದಿಲ್ಲವಾದ್ದರಿಂದ ಗಿರಾಕಿಗಳು ಗೊಣಗಿಕೊಂಡು ಹೋಗುತ್ತಾರೆ. ಆಮೇಲೆ ತರಕಾರಿ ಅಂಗಡಿಯಲ್ಲೋ ಬಸ್ಸಿನಲ್ಲೋ ನನ್ನನ್ನು ಹಿಡಿದು ಪ್ಯಾಂಟು ಏನಾಯಿತು, ಕೋಟು ಏನಾಯಿತು ಅಂತ ವಿಚಾರಣೆ ಮಾಡುತ್ತಾರೆ. ನಾನೇನು ಕಾಜಾ ಹೊಲಿಯುತ್ತೇನೆಯೇ?

ಇಂಥ ಮನುಷ್ಯನಿಗೆ ನಲವತ್ತೆಂಟನೇ ವಯಸ್ಸಿನಲ್ಲಿ ಓಟದ ಹುಚ್ಚು ಹಿಡಿಯಿತು. ನಮ್ಮಲ್ಲಿ ವರ್ಷಕ್ಕೊಮ್ಮೆ ಇಪ್ಪತ್ತೊಂದು ಕಿಲೋಮೀಟರಿನ ಓಟ ನಡೆಯುತ್ತದೆ. ಮೊದಲ ವರ್ಷ ನಾನು ನಕ್ಕು ನಕ್ಕು ಸುಸ್ತಾದೆ. ಹಳೇ ಗಿರಾಕಿಯೊಬ್ಬರು ಬಿಟ್ಟುಹೋದ ಚಡ್ಡಿ ಹಾಕಿಕೊಂಡು ಹೊರಟವರು ಎರಡೂವರೆ ಗಂಟೆಯೊಳಗೆ ಮುಗಿಸಿ ಬಂದರು. ಅಂದಿನಿಂದ ಆರು ವರ್ಷ, ಒಂದು ಸಲವೂ ತಪ್ಪಿಲ್ಲ. ಆರು ಪ್ರಮಾಣಪತ್ರಗಳೂ ಮಿಷನ್ನಿನ ಮೇಲಿನ ಗೋಡೆಗೆ ಸಾಲಾಗಿ ಹತ್ತಿವೆ. ಕೋಟು ತಡವಾಯಿತೆಂದು ಕೂಗಾಡಲು ಬಂದವರಿಗೂ ಮೊದಲು ಅವುಗಳ ದರ್ಶನ ಆಗಲೇಬೇಕು.

ಈ ವರ್ಷ ಓಟಕ್ಕೆ ಎರಡು ತಿಂಗಳಿರುವಾಗ ಬಲಗಾಲಿನ ಹಿಮ್ಮಡಿಯ ಮೇಲಿನ ನರ ಕೈಕೊಟ್ಟಿತು. ಕೇಳಿದರೆ ಒಪ್ಪಬೇಕಲ್ಲ. ಮೊದಲು ಹೊಸ ಚಪ್ಪಲಿ ಕಚ್ಚಿದೆ ಎಂದರು. ಆಮೇಲೆ ಮಿಷನ್ನಿನ ಪೆಡಲು ಬಿಗಿಯಾಗಿದೆ ಎಂದು ಅದಕ್ಕೆ ಎಣ್ಣೆ ಬಿಟ್ಟರು. ಕೊನೆಗೆ ವಾಶಿಂಗ್ ಪೌಡರಿನ ಮೇಲೂ ಅನುಮಾನ ಬಂತು. ನಾನು ನೋಡುತ್ತಿರುವಾಗ ನೆಟ್ಟಗೆ ನಡೆಯುವುದು, ನಾನು ಅಡುಗೆಮನೆಗೆ ಹೋದ ತಕ್ಷಣ ಗೋಡೆ ಹಿಡಿದುಕೊಳ್ಳುವುದು. ಮನೆಯಲ್ಲಿ ಇರುವುದೇ ಎರಡು ಕೋಣೆ, ಯಾರ ಕಣ್ಣಿಗೆ ಮಣ್ಣೆರಚುತ್ತಾರೆ?

ನಾನೇ ಎಳೆದುಕೊಂಡು ಹೋಗಿ ಫಿಸಿಯೋಥೆರಪಿಯವಳಿಗೆ ತೋರಿಸಿದೆ. ನಮ್ಮ ಮಗಳ ವಯಸ್ಸಿನವಳು, ಆದರೆ ಮಾತು ಖಡಾಖಂಡಿತ. ಎರಡೂ ಕಾಲಿನ ಹಿಮ್ಮಡಿಯ ಗಂಟು ಒಂದೇ ಸಮ ಕಾಣುವಷ್ಟು ಊತ ಇಳಿದರೆ ಓಡಿ, ಇಳಿಯದಿದ್ದರೆ ಬೇಡ ಎಂದಳು. ಊತ ಇಟ್ಟುಕೊಂಡು ಓಡಿ ನರ ಹರಿದರೆ ಆರು ತಿಂಗಳು ಓಟವೂ ಇಲ್ಲ, ಮಿಷನ್ನು ತುಳಿಯುವುದೂ ಇಲ್ಲ. ಯಜಮಾನರು ಒಳ್ಳೇ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು. ಎಷ್ಟು ದಿನದಲ್ಲಿ ವಾಸಿಯಾಗಬಹುದು ಅನ್ನಿಸುತ್ತೆ ಎಂದು ಅವಳು ಕೇಳಿದರೆ, ಇವರು ಏನಂದಿರಬಹುದು ಹೇಳಿ? ಗುರುವಾರದ ಹೊತ್ತಿಗೆ ಅಂದರು.

ಓಟ ಭಾನುವಾರ. ಓಡಲಾಗದವರು ಶನಿವಾರ ಸಂಜೆ ಆರರೊಳಗೆ ಓಟದವರ ಕೌಂಟರಿಗೆ ಹೋಗಿ ತಮ್ಮ ನಂಬರನ್ನು ಮುಂದಿನ ವರ್ಷಕ್ಕೆ ಬದಲಾಯಿಸಿಕೊಳ್ಳಬಹುದಿತ್ತು. ಶನಿವಾರ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋದೆ. ಕಾಲು ಹೇಗಿದೆ ಎಂದು ಬಾಯಿ ಬಿಡುವ ಮೊದಲೇ ಇವರು ಅಳತೆ ಪುಸ್ತಕ ನನ್ನ ಮುಂದೆ ಹಿಡಿದರು. ಗಿರಾಕಿಗಳ ಎದೆ, ಸೊಂಟಗಳ ನಡುವೆ ಸ್ವಂತ ಹೆಸರು ಬರೆದುಕೊಂಡಿದ್ದರು. ಎಡಗಾಲಿನ ಗಂಟು ಒಂಬತ್ತೂ ಮುಕ್ಕಾಲು ಇಂಚು. ಬಲಗಾಲಿನದೂ ಒಂಬತ್ತೂ ಮುಕ್ಕಾಲು.

ನಾನು ಒಂದು ಕ್ಷಣ ನಂಬಿಬಿಟ್ಟೆ. ಯಾಕೆಂದರೆ ಇವರ ವಾರಗಳನ್ನು ನಂಬಬಾರದು, ಇಂಚುಗಳನ್ನು ನಂಬಬೇಕು. ದಿನದ ವಿಷಯದಲ್ಲಿ ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವವರು, ಟೇಪು ಕೈಗೆ ಬಂದರೆ ಕಾಲಿಂಚು ಆಚೀಚೆ ಹೇಳಿದವರಲ್ಲ. ಆದರೂ ಯಾಕೋ ಮನಸ್ಸು ಒಪ್ಪಲಿಲ್ಲ. ನನ್ನೆದುರಿಗೇ ಇನ್ನೊಮ್ಮೆ ಅಳೆಯಿರಿ ಎಂದೆ.

ಕಾಲುಚೀಲ ತೆಗೆದು ಸ್ಟೂಲಿನ ಮೇಲೆ ಎಡಗಾಲು ಇಟ್ಟರು. ಟೇಪು ಸುತ್ತಿದರು. ಆಗ ಕಂಡಿತು. ಟೇಪಿನೊಳಗೆ ಎರಡು ಬೆರಳು ಹೋಗಿದ್ದವು. ಬಟ್ಟೆ ಮೈಗೆ ಬಿಗಿಯಾಗದಿರಲಿ ಎಂದು ಅಳತೆ ತೆಗೆಯುವಾಗ ಟೈಲರುಗಳು ಬಿಡುವ ಸಡಿಲ ಅದು. ಸರಿ, ಅಭ್ಯಾಸಬಲ ಎಂದುಕೊಂಡೆ. ಬಲಗಾಲಿಗೆ ಬಂದಾಗ ಮಾತ್ರ ಬೆರಳುಗಳು ಹೊರಗೇ ಉಳಿದವು, ಟೇಪು ಚರ್ಮಕ್ಕೆ ಕಚ್ಚಿಕೊಂಡು ಕೂತಿತು. ಬೇಕೆಂದು ಮಾಡಿದ್ದಲ್ಲ ಅಂತ ಇವತ್ತಿಗೂ ಹೇಳುತ್ತಾರೆ. ನೋವಿರುವ ಕಡೆ ಬೆರಳು ತೂರಿಸಲು ಕೈಗೇ ಮನಸ್ಸಾಗಲಿಲ್ಲವಂತೆ. ಕಾಲಿಗಿಲ್ಲದ ಬುದ್ಧಿ ಕೈಗಿತ್ತು ಎಂದೆ.

ಟೇಪು ಕಿತ್ತುಕೊಂಡು ನಾನೇ ಅಳೆದೆ. ಎಡಗಾಲು ಒಂಬತ್ತು. ಬಲಗಾಲು ಒಂಬತ್ತೂ ಮುಕ್ಕಾಲು. ಹೊಟ್ಟೆ ಬಂದ ಗಿರಾಕಿಗಳ ಸೊಂಟದ ಅಳತೆಯನ್ನು ಇವರು ಯಾವತ್ತೂ ಬಾಯಲ್ಲಿ ಹೇಳುವುದಿಲ್ಲ, ಸುಮ್ಮನೆ ಬರೆದುಕೊಳ್ಳುತ್ತಾರೆ. ಆ ಮರ್ಯಾದೆಯನ್ನು ನಾನೂ ಉಳಿಸಿದೆ. ಏನೂ ಮಾತಾಡದೆ ಪುಸ್ತಕದಲ್ಲಿ ಬರೆದು ಅವರ ಕಡೆ ತಿರುಗಿಸಿದೆ.

ಇಂಗು ತಿಂದ ಮಂಗನ ಹಾಗೆ ಕೂತರು. ನನಗೆ ನಗು ಬಂದಿತ್ತು, ಇನ್ನೇನು ಆಡಿಕೊಳ್ಳಬೇಕು, ಅಷ್ಟರಲ್ಲಿ ಅವರ ಕಣ್ಣು ನೋಡಿದೆ. ತುಂಬಿತ್ತು.

"ಇಡೀ ಜನ್ಮದಲ್ಲಿ ಹೇಳಿದ ದಿನಕ್ಕೆ ನಾನು ಮುಗಿಸೋದು ಆ ಓಟ ಒಂದೇ ಕಣೇ," ಎಂದರು. "ಅದನ್ನೂ ಮುಂದಕ್ಕೆ ಹಾಕಿದ್ರೆ ನಾನು ಬರೀ ಸುಳ್ಳುಬುರುಕ ಟೈಲರ್ ಅಷ್ಟೇ."

ಆ ಆರು ಕಾಗದಗಳನ್ನು ಜಂಬಕ್ಕೆ ಹಾಕಿಕೊಂಡಿದ್ದಾರೆ ಎಂದೇ ನಾನು ತಿಳಿದಿದ್ದೆ. ಸುಳ್ಳುಬುರುಕ ಎನ್ನುವ ಮಾತು ಊರಿನವರಿಗಿಂತ ನನ್ನ ಬಾಯಿಂದಲೇ ಹೆಚ್ಚು ಕೇಳಿದ್ದರು. ನಾಚಿಕೆಯಾಯಿತು. ಎಂದೋ ಹೇಳಬೇಕಿದ್ದದ್ದನ್ನು ಆಗ ಹೇಳಿದೆ.

"ರೀ, ನಾನು ಬಿಸ್ಕತ್ತು ಕಾರ್ಖಾನೇಲಿ ಒಂಬತ್ತು ವರ್ಷ ಎರಡನೇ ಪಾಳಿ ಮಾಡಿದ್ನಲ್ಲ, ಆಗ ದಿನಾ ಸಂಜೆ ಐದೂವರೆಗೆ ಈ ಷಟರ್ ಎಳೆದೋರು ಯಾರು?"

ಟೈಲರನಿಗೆ ಗಿರಾಕಿ ಬರುವುದೇ ಸಂಜೆ. ಆ ಹೊತ್ತಿಗೆ ಅಂಗಡಿ ಮುಚ್ಚಿ, ಶಾಲೆ ಮುಗಿಸಿ ಪಕ್ಕದ ಮನೆಯಲ್ಲಿ ಕೂತಿರುತ್ತಿದ್ದ ಮಗಳನ್ನು ಕರೆದುಕೊಂಡು, ಊಟ ಮಾಡಿಸಿ, ಮಗ್ಗಿ ಹೇಳಿಸಿ ಮಲಗಿಸುತ್ತಿದ್ದರು. ಅರ್ಧ ಹೊಲಿದ ಕೋಟುಗಳು ಇಲ್ಲಿ ನೇತಾಡುತ್ತಿದ್ದವು. ಗಿರಾಕಿಗಳಿಗೆ ಕಾರಣ ಹೇಳುವ ಬದಲು ಗುರುವಾರ ಎನ್ನುವುದು ಸುಲಭವಾಗಿರಬೇಕು. ಹೆಂಡತಿ ದುಡಿಯಲು ಹೋಗಿದ್ದಾಳೆ ಎಂದು ಒಬ್ಬರ ಹತ್ತಿರವೂ ಅಂದವರಲ್ಲ.

"ಊರಿಗೆಲ್ಲ ತಡ ಮಾಡಿದ್ರಿ," ಎಂದೆ. "ನಮ್ಮ ಮಗು ಒಂದು ದಿನಾನೂ ನಿಮಗೋಸ್ಕರ ಬಾಗಿಲಲ್ಲಿ ಕಾದಿಲ್ಲ."

"ನಿಂಗದು ನೆನಪಿತ್ತಾ?"

"ನೆನಪಿತ್ತು."

"ಮತ್ತೆ ಇಷ್ಟು ವರ್ಷ ಆಡಿಕೊಂಡೆಯಲ್ಲೇ."

"ಹೊಗಳಿದ್ರೆ ನಿಮ್ಮನ್ನ ಹಿಡಿಯೋರು ಯಾರು?"

ನಕ್ಕರು. ತೋಳಿನಿಂದ ಕಣ್ಣೊರೆಸಿಕೊಂಡು ಎದ್ದು, ಡಬ್ಬಿಯನ್ನು ತೆರೆಯದೆ ಹಾಗೇ ನನ್ನ ಕೈಗೆ ಕೊಟ್ಟು, ಷಟರ್ ಎಳೆದು ಬೀಗ ಹಾಕಿದರು. ಬೀದಿಗೆ ಇಳಿದ ಮೇಲೆ ಬಲಗೈಯನ್ನು ನನ್ನ ಹೆಗಲ ಮೇಲೆ ಹಾಕಿ ಭಾರ ಬಿಟ್ಟರು. ಎರಡು ತಿಂಗಳಿಂದ ನನಗೆ ಕಾಣದಂತೆ ಬಚ್ಚಿಟ್ಟಿದ್ದ ಕುಂಟನ್ನು ಇಡೀ ಬೀದಿಯ ಎದುರಿಗೆ ಕುಂಟುತ್ತ ನಡೆದರು. ತಡವಾದ ಪ್ಯಾಂಟಿನವರೊಬ್ಬರು ಎದುರಾಗಿ, ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ದಾರಿ ಬಿಟ್ಟರು.

ನಾವು ತಲುಪಿದಾಗ ಕೌಂಟರ್ ಮುಚ್ಚಲು ಇನ್ನೂ ಎರಡು ಗಂಟೆ ಇತ್ತು.